ಮಹಜರು ಆಗದ ಕಾಡು

ವೀರಪ್ಪನ್ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಮೂರು ಕೃತಿಗಳ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ರಾಮ್‌ಗೋಪಾಲ್ ವರ್ಮಾ ನಿರ್ದೇಶಿಸಿದ 2016ರ ಕನ್ನಡ ಸಿನಿಮಾ ‘ಕಿಲ್ಲಿಂಗ್ ವೀರಪ್ಪನ್’. ತಮಿಳುನಾಡು ವಿಶೇಷ ಕಾರ್ಯಪಡೆಯ ಮುಖ್ಯಸ್ಥರಾಗಿದ್ದ ಕೆ. ವಿಜಯಕುಮಾರ್ 2017ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲಿರುವ ಮುಖ್ಯ ಪದ ‘ಚೇಸಿಂಗ್’. ಸೆಲ್ವಮಣಿ ಸೆಲ್ವರಾಜ್ 2023ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಮಾಡಿದ ನಾಲ್ಕು ಕಂತಿನ ಸಾಕ್ಷ್ಯಚಿತ್ರ ‘ದಿ ಹಂಟ್ ಫಾರ್ ವೀರಪ್ಪನ್’. ಕೊಲ್ಲುವುದು, ಬೆನ್ನಟ್ಟುವುದು, ಬೇಟೆಯಾಡುವುದು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಎರಡು ದಶಕಗಳ ರಕ್ತದ ಚರಿತ್ರೆಗೆ ಈ ಮೂರು ಕ್ರಿಯಾಪದಗಳು ಸಾಕಾದವು. ನಾಲ್ಕನೆಯ ಒಂದು ಪದ ಇತ್ತು, ತನಿಖೆ. ಅದು ಯಾರ ಮುಖಪುಟಕ್ಕೂ ಬರಲಿಲ್ಲ.

ನಮ್ಮ ತಲೆಮಾರಿನವರು ಉರ್ದು ಶಾಲೆಯ ಚೀಲದಲ್ಲಿ ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ವನ್ನೂ ಊರ ಗ್ರಂಥಾಲಯದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನೂ ಒಟ್ಟಿಗೆ ಹೊತ್ತು ತಿರುಗಿದವರು. ಕರ್ನಲ್ ಫರೀದಿಯಾಗಲಿ ಪುರುಷೋತ್ತಮನಾಗಲಿ, ಅವರ ಲೋಕದಲ್ಲಿ ಕೊಲೆ ಮೊದಲ ಪುಟಗಳಲ್ಲಿ ನಡೆದುಹೋಗುತ್ತದೆ. ಉಳಿದ ಪುಟಗಳೆಲ್ಲ ‘ಕೊಂದವರು ಯಾರು, ಹೇಗೆ ಗೊತ್ತು’ ಎಂಬ ಎರಡು ಪ್ರಶ್ನೆಗಳಿಗೆ ಮೀಸಲು. ವೀರಪ್ಪನ್ ಕಥೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕೊಂದವನು ಯಾರೆಂದು ಮೊದಲ ದೃಶ್ಯಕ್ಕೇ ಗೊತ್ತು. ಕಥೆಯೆಲ್ಲ ಕೊನೆಯಲ್ಲಿ ನಡೆಯಬೇಕಾದ ಇನ್ನೊಂದು ಕೊಲೆಯ ಕಡೆಗೆ ಓಡುತ್ತದೆ. ‘ಹೇಗೆ ಗೊತ್ತು’ ಎಂದು ಕೇಳುವವನಿಗೆ ಅಲ್ಲಿ ಜಾಗವಿಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳದಿದ್ದುದರಿಂದ ಎಷ್ಟು ಜನರ ಬದುಕು ಮುರಿಯಿತು ಎಂಬುದೇ ನಮ್ಮ ತಕರಾರು.

ಪೊಲೀಸ್ ಠಾಣೆಯ ಕನ್ನಡ ಅರ್ಧ ನಮ್ಮ ಮದರಸೆಯ ಕನ್ನಡವೇ: ಫಿರ್ಯಾದಿ, ಮೊಕದ್ದಮೆ, ಜಾಮೀನು, ಖೈದಿ, ಮಹಜರು. ಈ ಮಹಜರು ಎಂಬ ಪದದ ಬೇರು ಅರಬ್ಬಿಯಲ್ಲಿದೆ. ಹಾಜರ್ ಎಂಬುದರ ನೆಂಟ ಅದು. ಹಾಜರಿದ್ದವರು ಕಣ್ಣಾರೆ ಕಂಡು ರುಜು ಹಾಕಿದ ಪತ್ರವೆಂದು ಅರ್ಥ. ರಕ್ತ ಎಲ್ಲಿ ಬಿದ್ದಿತ್ತು, ಕೋವಿಯ ಖಾಲಿ ತೋಟಾ ಎಲ್ಲಿ ಸಿಕ್ಕಿತು, ಗಾಯದ ಸುತ್ತ ಮದ್ದಿನ ಕಪ್ಪು ಇತ್ತೋ ಇಲ್ಲವೋ, ಗುಂಡು ಮುಂದಿನಿಂದ ಬಂತೋ ಹಿಂದಿನಿಂದಲೋ, ಹತ್ತಡಿಯಿಂದಲೋ ನೂರಡಿಯಿಂದಲೋ. ನ್ಯಾಯವಿಜ್ಞಾನವೆಂದರೆ ಕೊನೆಗೆ ಇಷ್ಟೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮಣ್ಣಿನ ಮೇಲಿನ ಗೊರಸಿನ ಗುರುತು ನೋಡಿ ಪ್ರಾಣಿ ಯಾವುದು, ಯಾವಾಗ ಹಾದುಹೋಯಿತು ಎಂದು ಹೇಳಬಲ್ಲರು. ವಿದ್ಯೆ ಅದೇ. ಆದರೆ ಬೇಟೆಯ ಕಾಲದಲ್ಲಿ ಆ ಕಾಡಿಗೆ ಹೊರಗಿನ ಪಂಚರು ಹಾಜರಾಗುವಂತಿರಲಿಲ್ಲ.

ಕಾರ್ಯಪಡೆಯವರ ಕಷ್ಟವನ್ನು ಹಗುರ ಮಾಡಿ ಹೇಳುವುದು ನಮ್ಮ ಉದ್ದೇಶವಲ್ಲ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ಮಾತಿನಿಂದ ಕರೆಸಿಕೊಂಡು ಕೊಂದರು. 1992ರ ಮೇ ತಿಂಗಳಲ್ಲಿ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ನೆಲಬಾಂಬುಗಳು 20ಕ್ಕೂ ಹೆಚ್ಚು ಜನರನ್ನು ಛಿದ್ರ ಮಾಡಿದವು. ಇವೆಲ್ಲ ಕೊಲೆಗಳೇ. ಪ್ರತಿಯೊಂದಕ್ಕೂ ಸಾಕ್ಷಿ ಕೂಡಿಸಿ, ಆರೋಪಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಉತ್ತರ ಪಡೆಯಬೇಕಾಗಿತ್ತು.

ಆದದ್ದೇನು? ಟಾಡಾ ಎಂಬ ಕಾಯಿದೆ ಕೈಯಲ್ಲಿತ್ತು. ಅದರ 15ನೆಯ ಕಲಮಿನ ಪ್ರಕಾರ ಎಸ್.ಪಿ. ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ನ್ಯಾಯಾಲಯದಲ್ಲಿ ಸಾಕ್ಷ್ಯ. ಬಾಯಿಂದ ಹೊರಡಿಸಿದ ಮಾತೇ ಪುರಾವೆಯಾಗುವುದಾದರೆ ತೋಟಾ ಹುಡುಕಿ, ಮಣ್ಣು ಕಟ್ಟಿ, ಪ್ರಯೋಗಾಲಯಕ್ಕೆ ಕಳಿಸುವ ಕೂಲಿ ಯಾರಿಗೆ ಬೇಕು? ಗೋಪಿನಾಥಂ, ಮಾರ್ಟಳ್ಳಿ, ಮಹದೇಶ್ವರ ಬೆಟ್ಟದ ಸುತ್ತಿನ ಊರುಗಳಿಂದ ಜನರನ್ನು ಹಿಡಿದು ತಂದರು. ನೂರಕ್ಕೂ ಹೆಚ್ಚು ಮಂದಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. ಟಾಡಾ ಕಾಯಿದೆ 1995ರಲ್ಲಿ ಸತ್ತಿತು. ಅದರಡಿ ಸಿಕ್ಕಿಬಿದ್ದವರ ಸೆರೆ ಸಾಯಲಿಲ್ಲ.

ಇಲ್ಲಿ ಒಬ್ಬ ತಂದೆಯ ಬಗ್ಗೆ ಹೇಳಬೇಕು. ಸಿನಿಮಾದವರು ಯಾರೂ ಈತನನ್ನು ನಾಯಕನನ್ನಾಗಿ ಮಾಡಿಲ್ಲವೆಂಬುದು ನಮಗೆ ಇಂದಿಗೂ ಸೋಜಿಗ. 2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅವರ ಅಪಹರಣವಾಯಿತು. ಮೈಸೂರಿನ ಟಾಡಾ ಖೈದಿಗಳನ್ನು ಬಿಡಬೇಕೆಂಬುದು ವೀರಪ್ಪನ್ ಇಟ್ಟ ಬೇಡಿಕೆಗಳಲ್ಲೊಂದು. ಕರ್ನಾಟಕ ಸರ್ಕಾರ ಟಾಡಾ ಆರೋಪಗಳನ್ನು ಹಿಂತೆಗೆಯಲು ಹೊರಟಿತು, ವಿಶೇಷ ನ್ಯಾಯಾಲಯ ಅನುಮತಿಯನ್ನೂ ಕೊಟ್ಟಿತು. ನಾಡಿಗೆ ನಾಡೇ ಅಣ್ಣಾವ್ರು ಬಂದರೆ ಸಾಕೆಂದು ಹರಕೆ ಹೊತ್ತಿದ್ದ ದಿನಗಳವು. ಆಗ ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ, ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿಯಾಗಿದ್ದ ಅಬ್ದುಲ್ ಕರೀಂ, ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಸರ್ಕಾರಿ ವಕೀಲರು ಸ್ವಂತ ವಿವೇಚನೆ ಬಳಸದೆ ಮೊಕದ್ದಮೆ ಕೈಬಿಡಲು ಹೊರಟರೆಂದು ಹೇಳಿತು. ಎಂಟು ದಿನಗಳ ಮೇಲೆ ರಾಜಕುಮಾರ್ ಬಿಡುಗಡೆಯಾಗಿ ಬಂದರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಧೀರ ತಂದೆಯ ಕಥೆ. ಆದರೆ ಮುಂದಿನ ವರ್ಷ ಅದೇ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ನೂರಕ್ಕೂ ಹೆಚ್ಚು ಜನ ಖುಲಾಸೆಯಾದರು. ಶಿಕ್ಷೆಯಾದದ್ದು ಬೆರಳೆಣಿಕೆಯವರಿಗೆ. ಮಗನನ್ನು ಕಳೆದುಕೊಂಡವನು ಕಾನೂನು ಬೇಕೆಂದ. ಕಾನೂನು ಪುರಾವೆ ಬೇಕೆಂದಿತು. ಪುರಾವೆ ಕೂಡಿಸುವ ಕೆಲಸ ನಡೆದಿರಲಿಲ್ಲ. ಕಂಬಿಯೊಳಗೆ ಎಂಟು ವರ್ಷ ಕಳೆದ ಕೂಲಿಯವನಿಗೂ ಗೋರಿಯ ಮುಂದೆ ನಿಂತ ತಂದೆಗೂ ಒಂದೇ ಕಡೆಯಿಂದ ಅನ್ಯಾಯವಾಯಿತು. ‘ಪೊಲೀಸರ ಪರವೋ ಹಳ್ಳಿಯವರ ಪರವೋ’ ಎಂದು ನಮ್ಮನ್ನು ಕೇಳುವ ಗೆಳೆಯರು ಈ ಗಂಟನ್ನು ನೋಡಿಯೇ ಇಲ್ಲ.

ಶಿಕ್ಷೆಯಾದವರಲ್ಲಿ ನಾಲ್ವರ ಜೀವಾವಧಿಯನ್ನು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗಲ್ಲಿಗೇರಿಸಿತು. 2014ರ ಜನವರಿ 21ರಂದು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಇಳಿಸಿದ್ದಕ್ಕೆ ಕಾರಣ ಕ್ಷಮಾದಾನದ ಅರ್ಜಿ ವಿಲೇವಾರಿಯಲ್ಲಿ ಆದ ವಿಳಂಬ.

ಹಾಗಾದರೆ ಈ ಕಾಡಿನಲ್ಲಿ ನಿಜವಾದ ಪತ್ತೇದಾರಿಕೆ ನಡೆಯಲೇ ಇಲ್ಲವೇ? ನಡೆಯಿತು. ಅದನ್ನು ಮಾಡಿದವರು ಬಂದೂಕು ಹಿಡಿದವರಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿ ಊರುಗಳ ಬಳಿಗೇ ಬಂದು ಕೂತು ಕೇಳಿತು. ಮಹದೇಶ್ವರ ಬೆಟ್ಟದಲ್ಲಿ ಕಾರ್ಯಪಡೆ ಇಟ್ಟುಕೊಂಡಿದ್ದ ಕೋಣೆಗೆ ಜನರ ಬಾಯಲ್ಲಿ ‘ವರ್ಕ್‌ಶಾಪ್’ ಎಂದೇ ಹೆಸರು. ಅಲ್ಲಿ ಮೈಗೆ ಕರೆಂಟು ಕೊಟ್ಟದ್ದನ್ನು, ಕಟ್ಟಿ ತೂಗಿಸಿದ್ದನ್ನು ಗಂಡಸರೂ ಹೆಂಗಸರೂ ಎದ್ದು ನಿಂತು ಹೇಳಿದರು. ಎನ್‌ಕೌಂಟರ್ ಎನ್ನಲಾದ ಸಾವುಗಳಲ್ಲಿ ಹಲವು ಅನುಮಾನಾಸ್ಪದವೆಂದು ಸಮಿತಿ ಕಂಡಿತು. ವರದಿ ಸಲ್ಲಿಕೆಯಾದದ್ದು 2003ರ ಕೊನೆಗೆ. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಪರಿಹಾರದ ಚೀಟಿಯಲ್ಲಿ ನೊಂದವರ ಹೆಸರಿರುತ್ತದೆ, ನೋಯಿಸಿದವರ ಹೆಸರಿರುವುದಿಲ್ಲ.

ಈಗ ಕೃತಿಗಳಿಗೆ ಬರೋಣ. ವರ್ಮಾ ಸಿನಿಮಾದ ಶಿವರಾಜಕುಮಾರ್ ಪಾತ್ರಕ್ಕೆ ಚಾಣಾಕ್ಷತನವಿದೆ, ಗೂಢಚಾರಿಣಿಯನ್ನು ಮುತ್ತುಲಕ್ಷ್ಮಿಯ ಹತ್ತಿರಕ್ಕೆ ಕಳಿಸುವ ತಂತ್ರವಿದೆ. ಅವೆಲ್ಲ ಬಲೆ ಬೀಸುವವನ ಜಾಣ್ಮೆ, ಸತ್ಯ ಹುಡುಕುವವನದಲ್ಲ. ಉರ್ದುವಿನಲ್ಲಿ ಜಾಸೂಸ್ ಎಂದರೆ ಗೂಢಚಾರನೂ ಹೌದು, ಪತ್ತೇದಾರನೂ ಹೌದು. ನಮ್ಮ ಸಿನಿಮಾದವರಿಗೆ ಮೊದಲನೆಯವನು ಮಾತ್ರ ಪರಿಚಯ. ಸೆಲ್ವರಾಜ್ ಅವರ ಸಾಕ್ಷ್ಯಚಿತ್ರ ಇದಕ್ಕಿಂತ ಎಷ್ಟೋ ಮೇಲು. ಅಲ್ಲಿ ಅಧಿಕಾರಿಗಳಿಗೂ ಮುತ್ತುಲಕ್ಷ್ಮಿಗೂ ಸಮನಾದ ಕುರ್ಚಿ ಇದೆ, ಚಿತ್ರಹಿಂಸೆಯ ಮಾತೂ ಬರುತ್ತದೆ. ಆದರೆ ಸಮನಾದ ಕುರ್ಚಿಯೇ ಅದರ ತೊಡಕು. ಒಬ್ಬರು ಹೀಗೆನ್ನುತ್ತಾರೆ, ಇನ್ನೊಬ್ಬರು ಹಾಗೆನ್ನುತ್ತಾರೆ, ಕ್ಯಾಮೆರಾ ಕಾಡಿನ ಮೇಲೆ ಹಾರುತ್ತದೆ. ಎರಡು ಮಾತುಗಳನ್ನು ಕಾಗದದೊಂದಿಗೆ, ಗಾಯದೊಂದಿಗೆ, ತಾರೀಖಿನೊಂದಿಗೆ ತಾಳೆ ನೋಡುವ ಹೊತ್ತಿಗೆ ಬೇಟೆಯ ಸಂಗೀತ ಶುರುವಾಗುತ್ತದೆ. ನೋಡುವವರ ಮೈ ಜುಮ್ಮೆನ್ನುತ್ತದೆ, ನಮ್ಮದೂ ಎಂದಿತು. ಹಾಗೆ ಜುಮ್ಮೆನಿಸುವುದೇ ಅದರ ಅಳತೆಗೋಲಾದದ್ದು ಬೇಸರ.

ತಾಳೆ ನೋಡುವುದು ಎಂದರೇನೆಂದು ತಿಳಿಯಲು ಸ್ರೆಬ್ರೆನಿಕಾವನ್ನು ನೆನೆಯಬಹುದು. ಬೋಸ್ನಿಯಾದ ಆ ಊರಿನಲ್ಲಿ 1995ರ ಜುಲೈನಲ್ಲಿ 8000 ಮುಸ್ಲಿಂ ಗಂಡಸರ, ಹುಡುಗರ ಕಗ್ಗೊಲೆ ನಡೆಯಿತು. ಕೊಂದವರು ಮೊದಲು ಹೂತ ಹೆಣಗಳನ್ನು ಯಂತ್ರಗಳಿಂದ ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರು. ಹೇಗ್ ನ್ಯಾಯಮಂಡಳಿಗಾಗಿ ತನಿಖೆ ನಡೆಸಿದ ಫ್ರೆಂಚ್ ಪೊಲೀಸ್ ಅಧಿಕಾರಿ ಜೀನ್ ರೆನೆ ರುಯೆಜ್ ಮತ್ತು ಅವರ ತಂಡ ಗುಂಡಿಯ ಮಣ್ಣು, ಖಾಲಿ ತೋಟಾ, ಕಣ್ಣಿಗೆ ಕಟ್ಟಿದ ಬಟ್ಟೆ, ಕೈ ಬಿಗಿದ ಹಗ್ಗ ಇವನ್ನು ಹೋಲಿಸಿ ಯಾವ ಗುಂಡಿಯ ಹೆಣ ಯಾವ ಗುಂಡಿಗೆ ಹೋಯಿತೆಂದು ತೋರಿಸಿತು. ನಮ್ಮ ಕಾಡನ್ನು ಬೋಸ್ನಿಯಾಕ್ಕೆ ಹೋಲಿಸುವ ಅತಿರೇಕ ಬೇಡ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಊರಿಗೆ ನುಗ್ಗಿ 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದ್ದರು. ಹೈಕೋರ್ಟಿನ ಆದೇಶದಂತೆ ಸಿಬಿಐ ತನಿಖೆ ಮಾಡಿತು. 2011ರಲ್ಲಿ ಬದುಕುಳಿದಿದ್ದ 215 ಆರೋಪಿಗಳಿಗೂ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಗಂಧ, ಅದೇ ಕಾಲ, ಗಡಿಯ ಆಚೆ ಬದಿ.

ಸಾಹಿತ್ಯವೂ ಆಚೆ ಬದಿಯದೇ. ವಕೀಲರೂ ಹಕ್ಕುಗಳ ಹೋರಾಟಗಾರರೂ ಆದ ಸ. ಬಾಲಮುರುಗನ್ 2004ರಲ್ಲಿ ತಮಿಳಿನಲ್ಲಿ ‘ಸೋಳಗರ್ ತೊಟ್ಟಿ’ ಕಾದಂಬರಿ ಬರೆದರು. ಸೋಲಿಗರ ಒಂದು ಹಾಡಿ ಎರಡೂ ಕಡೆಯ ಬಂದೂಕುಗಳ ನಡುವೆ ನಲುಗಿದ ಕಥೆ ಅದು. ವಕೀಲನ ಕಡತ ತಿಳಿದವನ ಕೈಯಲ್ಲಿ ಕಾದಂಬರಿ ಬೇಟೆಯ ಕಥೆಯಾಗಲಿಲ್ಲ. ಕನ್ನಡದ ಸೋಲಿಗರು ಯಳಂದೂರಿನಿಂದ ಒಂದು ಬಸ್ಸಿನ ದೂರದಲ್ಲಿದ್ದಾರೆ.

ಈ ಸೀಮೆಯಲ್ಲಿ ತನಿಖೆ ಆಗುವುದೇ ಇಲ್ಲವೆಂದೂ ಅಲ್ಲ. 2018ರ ಡಿಸೆಂಬರ್‌ನಲ್ಲಿ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತಾಗ ಅನ್ನದ ಮಾದರಿ ಪ್ರಯೋಗಾಲಯಕ್ಕೆ ಹೋಗಿ, ಅದರಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವೆಂದು ಕೆಲವೇ ದಿನಗಳಲ್ಲಿ ತಿಳಿಯಿತು. ಬಂದೂಕಿಲ್ಲದ ಕೊಲೆಯಾದರೆ ನಮ್ಮ ಪೊಲೀಸರಿಗೆ ಮಹಜರು ನೆನಪಿರುತ್ತದೆ.

ಇನ್ನೊಂದು ಸಾವಿನ ಕಡತ ಹಾಗೇ ಉಳಿದಿದೆ. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಎತ್ತಿಕೊಂಡು ಹೋದರು. ಡಿಸೆಂಬರ್ 8ರಂದು ಚಂಗಡಿ ಕಾಡಿನಲ್ಲಿ ಹೆಣ ಸಿಕ್ಕಿತು. ಗುಂಡು ಯಾರದೆಂದು ಆಗಲೇ ವಿವಾದ ಎದ್ದಿತು. ಆ ಬಗ್ಗೆ ಮೊದಲು ಪ್ರಶ್ನಿಸಬೇಕಾಗಿದ್ದವನನ್ನು 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಪಾಡಿಯ ಬಳಿ ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಬಂದರು. ಅವನೂ ಅವನ ಮೂವರು ಸಂಗಡಿಗರೂ ಅಲ್ಲೇ ಸತ್ತರು.