ಕರುಳನ್ನು ಸಡಿಲಿಸುವ ದೂತ ಯಾವುದು?

ಕರುಳಿನಲ್ಲಿ ಆಹಾರ ಮುಂದೆ ಸಾಗಬೇಕಾದರೆ ಅದರ ಹಿಂದಿನ ಭಾಗ ಸಂಕುಚಿಸಬೇಕು, ಮುಂದಿನ ಭಾಗ ಸಡಿಲಗೊಳ್ಳಬೇಕು. ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ನಾಯಿಯ ಸಣ್ಣ ಕರುಳಿನ ಮೇಲಿನ ಪ್ರಯೋಗಗಳಿಂದ ಇದನ್ನು ತೋರಿಸಿದರು. ಸಂಕುಚಿಸುವಂತೆ ತಿಳಿಸುವ ಮುಖ್ಯ ರಾಸಾಯನಿಕ ದೂತ ಅಸಿಟೈಲ್‌ಕೋಲೀನ್. ಸಡಿಲಗೊಳ್ಳುವಂತೆ ತಿಳಿಸುವ ದೂತ ಯಾವುದು?

ನಾರ್‌ಅಡ್ರಿನಲೀನ್ ಎಂದು ನೀವು ಉತ್ತರಿಸಬಹುದು. ಆ ಉತ್ತರ ಅಪೂರ್ಣ. ಜೆಫ್ರಿ ಬರ್ನ್‌ಸ್ಟಾಕ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಗಿನಿಪಿಗ್ ಕರುಳಿನ ಸ್ನಾಯುವಿನಲ್ಲಿ ಈ ಎರಡೂ ದೂತಗಳ ಕ್ರಿಯೆಯನ್ನು ತಡೆದರು. ಆಗಲೂ ನರವನ್ನು ಪ್ರಚೋದಿಸಿದರೆ ಸ್ನಾಯು ಸಡಿಲಗೊಳ್ಳುತ್ತಿತ್ತು. ಮೂರನೆಯ ದೂತ ಎಟಿಪಿ ಇರಬಹುದೆಂದು ಅವರು 1970ರಲ್ಲಿ ಸೂಚಿಸಿದರು.

1990ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ತಂಡವೊಂದು ‘ನೇಚರ್’ ಪತ್ರಿಕೆಯಲ್ಲಿ ಬೇರೊಂದು ಉತ್ತರ ನೀಡಿತು. ನಾಯಿಯ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಭಾಗದ ನರಗಳನ್ನು ಅವರು ವಿದ್ಯುತ್ತಿನಿಂದ ಪ್ರಚೋದಿಸಿದರು. ಅಲ್ಲಿಂದ ಹರಿದ ದ್ರವವನ್ನು, ಒಳಪದರ ತೆಗೆದ ಮೊಲದ ಮಹಾಪಧಮನಿಯ ಉಂಗುರಗಳ ಮೇಲೆ ಹಾಯಿಸಿದರು. ಉಂಗುರಗಳು ಸಡಿಲಗೊಂಡವು. ನರಸಂಕೇತವನ್ನು ಅಥವಾ ನೈಟ್ರಿಕ್ ಆಕ್ಸೈಡ್‌ನ ತಯಾರಿಕೆಯನ್ನು ತಡೆದಾಗ ಪರಿಣಾಮ ಕುಗ್ಗಿತು.

ಈ ಪ್ರಯೋಗದ ಬಲವನ್ನು ಗಮನಿಸಿ. ದೂತವು ನರತುದಿಯ ಕೋಶಿಕೆಗಳಲ್ಲಿ ಶೇಖರವಾಗಿರಬೇಕು, ಗ್ರಾಹಕ ಕೋಶದ ಪೊರೆಯ ಮೇಲೆ ವರ್ತಿಸಬೇಕು ಎಂಬುದು ಹಳೆಯ ವ್ಯಾಖ್ಯೆ. ನೈಟ್ರಿಕ್ ಆಕ್ಸೈಡ್ ಒಂದು ಅನಿಲ. ಬೇಕಾದಾಗ ತಯಾರಾಗಿ ಪೊರೆಯನ್ನೇ ದಾಟಿ ಒಳಹೋಗುತ್ತದೆ. ಆದ್ದರಿಂದ ಬದಲಾಗಬೇಕಾದದ್ದು ವ್ಯಾಖ್ಯೆ.

ಆದರೆ ಅದರ ಮಿತಿಯೂ ಕಾಣಬೇಕು. ಇಲ್ಲಿ ಅಪಧಮನಿಯ ಉಂಗುರವೇ ಶೋಧಕ. ಯಾವ ಶೋಧಕವಾದರೂ ತಾನು ಸ್ಪಂದಿಸುವ ವಸ್ತುವನ್ನಷ್ಟೇ ತೋರಿಸುತ್ತದೆ. ಬೇರೆ ದೂತಗಳು ಇಲ್ಲವೆಂದು ಅದರಿಂದ ಸಿದ್ಧವಾಗದು. ಒಂದು ಪ್ರಾಣಿಯ ಕರುಳಿನ ಒಂದು ಭಾಗದ ಫಲಿತಾಂಶವನ್ನು ಎಲ್ಲ ಕರುಳುಗಳಿಗೂ ಹೊಂದಿಸಲಾಗದು. ಮಾನವನ ದೊಡ್ಡ ಕರುಳಿನಲ್ಲಿ ತಡೆಯ ಸಂಕೇತಕ್ಕೆ ಎರಡು ಹಂತಗಳಿವೆ. ಮೊದಲಿನ ಕ್ಷಿಪ್ರ ಹಂತ ಎಟಿಪಿ ವರ್ಗದ ಪ್ಯೂರೀನ್ ದೂತದ್ದು, ನಂತರದ ನಿಧಾನ ಹಂತ ನೈಟ್ರಿಕ್ ಆಕ್ಸೈಡ್‌ನದು. ಆ ಪ್ಯೂರೀನ್ ಎಟಿಪಿಯೇ ಎಂಬುದೂ ಇತ್ಯರ್ಥವಾಗಿಲ್ಲ. 2007ರಲ್ಲಿ ಎನ್‌ಎಡಿ ಎಂಬ ಇನ್ನೊಂದು ಅಣುವಿನ ಹೆಸರು ಮುಂದೆ ಬಂದಿತು.

ಇದು ಕೇವಲ ಹೆಸರುಗಳ ಚರ್ಚೆಯಲ್ಲ. ಅನ್ನನಾಳದ ಕೆಳತುದಿಯಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ನರಕೋಶಗಳು ನಾಶವಾದರೆ ಅಲ್ಲಿನ ಸ್ನಾಯುದ್ವಾರ ಸರಿಯಾಗಿ ತೆರೆಯದು, ನುಂಗಿದ ತುತ್ತು ಕೆಳಗಿಳಿಯದು. ಅಕಲೇಸಿಯಾ ಎಂಬ ಈ ರೋಗವನ್ನು ಎರಡೇ ದೂತಗಳ ಪಾಠದಿಂದ ವಿವರಿಸಲಾಗದು.

ಶಿಕ್ಷಕ ಮಿತ್ರರೇ, ದೂತದ ಹೆಸರನ್ನು ಹಲಗೆಯ ಮೇಲೆ ಬರೆದಾಗ ಅದರ ಪಕ್ಕದಲ್ಲಿ ಮೂರು ಪ್ರಶ್ನೆಗಳನ್ನೂ ಬರೆಯಿರಿ: ಯಾವ ಪ್ರಾಣಿ? ಕರುಳಿನ ಯಾವ ಭಾಗ? ಅಳೆದ ಸಾಧನ ಯಾವುದು? ಉತ್ತರ ಹುಡುಕುವ ಕೆಲಸ ವಿದ್ಯಾರ್ಥಿಗಳಿಗಿರಲಿ.