ಗೆದ್ದ ಮೇಲೆ ಬರೆದ ಕಾರಣಗಳು

ಕ್ರುಸೇಡುಗಳ ಬಗ್ಗೆ ನಮ್ಮಲ್ಲಿ ಬಹುತೇಕರು ಓದಿರುವುದು ‘ಕಾರಣಗಳು ಮತ್ತು ಪರಿಣಾಮಗಳು’ ಎಂಬ ಪ್ರಶ್ನೆಗೆ ಉತ್ತರವಾಗಿ. ಧಾರ್ಮಿಕ ಆವೇಶ, ಭೂಮಿಯ ಹಸಿವು, ಪೋಪರ ಅಧಿಕಾರದಾಸೆ ಒಂದು ಕಡೆ. ವ್ಯಾಪಾರದ ಬೆಳವಣಿಗೆ, ಊಳಿಗಮಾನ್ಯ ಪದ್ಧತಿಯ ಕುಸಿತ ಇನ್ನೊಂದು ಕಡೆ. ಪಟ್ಟಿಯಲ್ಲಿ ಕಾರಣ ಮೊದಲು, ಪರಿಣಾಮ ಆಮೇಲೆ. ಆದರೆ ಆ ಕಾಲದ ಬರಹಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದುವಾಗ ನನಗೆ ಕಾಣುವ ಕ್ರಮ ಬೇರೆ. ಅಲ್ಲಿ ಪರಿಣಾಮ ಗೊತ್ತಾದ ಮೇಲೆ ಕಾರಣವನ್ನು ಬರೆಯಲಾಗಿದೆ.

1095ರ ನವೆಂಬರ್‌ನಲ್ಲಿ ಫ್ರಾನ್ಸಿನ ಕ್ಲೆರ್ಮೊಂಟ್‌ನಲ್ಲಿ ಪೋಪ್ ಎರಡನೆಯ ಅರ್ಬನ್ ಮಾಡಿದ ಭಾಷಣದಿಂದ ಮೊದಲ ಕ್ರುಸೇಡಿನ ಕಥೆ ಶುರುವಾಗುತ್ತದೆ. ಆ ಭಾಷಣದ ಯಥಾವತ್ ದಾಖಲೆ ಉಳಿದಿಲ್ಲ. ನಮಗೆ ಸಿಕ್ಕಿರುವುದು ಶಾರ್ತ್ರದ ಫುಲ್ಷರ್, ಸನ್ಯಾಸಿ ರಾಬರ್ಟ್ ಮುಂತಾದವರ ಆವೃತ್ತಿಗಳು. 1099ರ ಜುಲೈನಲ್ಲಿ ಜೆರುಸಲೇಂ ಕ್ರುಸೇಡರ ವಶವಾದ ನಂತರವೇ ಇವು ಬರಹಕ್ಕೆ ಇಳಿದವು. ಹೊರಟ ಗಳಿಗೆಯನ್ನು ಬರೆದವರಿಗೆ ತಲುಪಿದ ಜಾಗ ಆಗಲೇ ಗೊತ್ತಿತ್ತು.

ಫುಲ್ಷರ್‌ನ ಅರ್ಬನ್ ಮೊದಲು ಚರ್ಚಿನ ಒಳಗಿನ ಭ್ರಷ್ಟತೆಯನ್ನು ಬೈಯುತ್ತಾನೆ, ಬಳಿಕ ಪೂರ್ವದ ಕ್ರೈಸ್ತರಿಗೆ ನೆರವಾಗಿ ಎನ್ನುತ್ತಾನೆ. ಈ ಭಾಷಣದಲ್ಲಿ ಜೆರುಸಲೇಮಿನ ಹೆಸರೇ ಇಲ್ಲ. ಕೆಲವು ವರ್ಷಗಳ ಬಳಿಕ ಬರೆದ ರಾಬರ್ಟ್‌ನಲ್ಲಿ ಜೆರುಸಲೇಂ ಭೂಮಿಯ ಹೊಕ್ಕುಳಾಗುತ್ತದೆ. ನಿಮ್ಮ ನಾಡು ಇಕ್ಕಟ್ಟಾಗಿದೆ, ಜನರ ಹೊಟ್ಟೆ ತುಂಬಿಸದು ಎಂಬ ವಾದ ಬರುವುದೂ ಇಲ್ಲಿಯೇ. ನಮ್ಮ ಪಟ್ಟಿಯ ‘ಭೂಮಿಯ ಹಸಿವು’ ಇಂಥ ಸಾಲುಗಳ ಮೇಲೆ ನಿಂತಿದೆ. ಆದರೆ ನಾರ್ಮಂಡಿಯ ಡ್ಯೂಕ್ ರಾಬರ್ಟ್ 10,000 ಮಾರ್ಕ್‌ಗಳಿಗೆ ತನ್ನ ಇಡೀ ನಾಡನ್ನು ತಮ್ಮನಿಗೆ ಅಡವಿಟ್ಟು ಹೊರಟ. ಜೆರುಸಲೇಂ ಗೆದ್ದ ಮೇಲೆ ಅಲ್ಲಿ ನೆಲೆಸದೆ ಊರಿಗೆ ಮರಳಿದ. ಬೋಹೆಮಂಡ್ ಮಾತ್ರ ಆಂಟಿಯೋಕ್ ನಗರವನ್ನು ತನ್ನದಾಗಿಸಿಕೊಂಡು ಅಲ್ಲೇ ಉಳಿದ. ಒಂದೇ ದಂಡಯಾತ್ರೆಯಲ್ಲಿದ್ದ ಈ ಇಬ್ಬರಿಗೂ ಒಂದೇ ಕಾರಣವನ್ನು ಅಂಟಿಸುವುದು ಹೇಗೆ? ಗೌರವಕ್ಕೋ ಹಣಕ್ಕೋ ಅಲ್ಲದೆ ಭಕ್ತಿಯಿಂದ ಹೊರಟವರಿಗೆ ಮಾತ್ರ ಈ ಪಯಣ ಪ್ರಾಯಶ್ಚಿತ್ತವಾಗುತ್ತದೆ ಎಂದು ಕ್ಲೆರ್ಮೊಂಟ್ ಸಭೆಯೇ ವಿಧಿಸಿತ್ತು. ಬೇರೆ ಆಸೆಯಿಂದ ಹೊರಡುವವರೂ ಇರುತ್ತಾರೆಂಬ ಅನುಮಾನ ಆ ಷರತ್ತಿನಲ್ಲಿಯೇ ಇದೆ.

ಅರ್ಬನ್‌ನ ಭಾಷಣದ ಯಾವ ಆವೃತ್ತಿಯೂ ಕೊಡದ ಕರೆಯೊಂದು ನೆಲದ ಮೇಲೆ ಜಾರಿಯಾಯಿತು. 1096ರಲ್ಲಿ ಪೂರ್ವಕ್ಕೆ ಹೊರಟ ಗುಂಪುಗಳು ರೈನ್ ನದಿಯ ದಡದ ವೋರ್ಮ್ಸ್, ಮೈಂಝ್ ನಗರಗಳಲ್ಲಿ ಯಹೂದಿಗಳನ್ನು ಕೊಂದವು. ಹೀಬ್ರೂ ವೃತ್ತಾಂತಗಳು ಸತ್ತವರ ಹೆಸರುಗಳನ್ನು ದಾಖಲಿಸುತ್ತವೆ. ಬಲವಂತದ ದೀಕ್ಷೆಗಿಂತ ಸಾವೇ ಮೇಲೆಂದು ತಮ್ಮ ಮಕ್ಕಳನ್ನು ತಾವೇ ಕೊಂದ ತಾಯಿ ತಂದೆಯರ ಬಗ್ಗೆ ಹೇಳುತ್ತವೆ. ದೂರದ ವೈರಿಯನ್ನು ಹುಡುಕಿ ಹೋಗುವಾಗ ಹತ್ತಿರದವರನ್ನು ಏಕೆ ಬಿಡಬೇಕು ಎಂಬ ಕ್ರುಸೇಡರ ತರ್ಕವೂ ಅಲ್ಲಿದೆ. ಪರೀಕ್ಷೆಯ ಉತ್ತರದಲ್ಲಿ ಈ ಸಾವುಗಳಿಗೆ ಜಾಗ ಸಿಗುವುದು ಕಷ್ಟ. ಅವು ಕಾರಣವಲ್ಲ, ‘ವ್ಯಾಪಾರದ ಬೆಳವಣಿಗೆ’ಯಂಥ ಪರಿಣಾಮವೂ ಅಲ್ಲ.

ಆ ವ್ಯಾಪಾರದ ಕಥೆಯನ್ನೂ ಯಾರು ಹೇಳುತ್ತಿದ್ದಾರೆಂದು ನೋಡಬೇಕು. ನಾಲ್ಕನೆಯ ಕ್ರುಸೇಡಿನ ನಾಯಕರು ಹಡಗುಗಳಿಗಾಗಿ ವೆನಿಸ್‌ಗೆ 85,000 ಮಾರ್ಕ್ ಕೊಡಲು ಒಪ್ಪಿದರು. ನಿರೀಕ್ಷಿಸಿದಷ್ಟು ಸೈನಿಕರು ಬರಲಿಲ್ಲ, ಸಾಲ ತೀರಲಿಲ್ಲ. ಮುಸ್ಲಿಮರ ವಿರುದ್ಧ ಹೊರಟ ದಂಡು 1204ರಲ್ಲಿ ಕ್ರೈಸ್ತ ನಗರವಾದ ಕಾನ್‌ಸ್ಟಾಂಟಿನೋಪಲನ್ನೇ ಲೂಟಿ ಮಾಡಿತು. ಆ ನಾಯಕರಲ್ಲಿ ಒಬ್ಬನಾದ ವಿಲ್ಲಾರ್ದುವಾನ್ ಇದನ್ನು ಒಂದರ ಹಿಂದೊಂದು ಬಂದ ಅನಿವಾರ್ಯತೆಗಳ ಸರಪಳಿಯಂತೆ ನಿರೂಪಿಸುತ್ತಾನೆ. ಅದೇ ನಗರದಿಂದ ಓಡಿಹೋಗಬೇಕಾಗಿ ಬಂದ ನಿಕೆಟಾಸ್ ಖೋನಿಯಾಟಿಸ್‌ನ ಬರಹದಲ್ಲಿ ಅನಿವಾರ್ಯತೆಯ ಮಾತಿಲ್ಲ, ಅಪವಿತ್ರಗೊಂಡ ಚರ್ಚುಗಳಿವೆ.

ಕನ್ನಡದಲ್ಲಿ ನಾವು ಇವನ್ನೆಲ್ಲ ‘ಧರ್ಮಯುದ್ಧ’ ಎನ್ನುತ್ತೇವೆ. ಮಹಾಭಾರತದ ಪರಂಪರೆಯಲ್ಲಿ ಆ ಪದ ಹೇಗೆ ಹೋರಾಡಬೇಕೆಂಬ ನಿಯಮಗಳನ್ನು ನೆನಪಿಸುತ್ತದೆ: ಆಯುಧ ಕೆಳಗಿಟ್ಟವನನ್ನು ಹೊಡೆಯಬಾರದು, ಓಡುವವನನ್ನು ಕೊಲ್ಲಬಾರದು. ಮೈಂಝ್‌ನಲ್ಲಾಗಲಿ ಜೆರುಸಲೇಮಿನಲ್ಲಾಗಲಿ ನಡೆದದ್ದನ್ನು ಈ ಅಳತೆಗೆ ಹಿಡಿದರೆ ಪದವೇ ಸೋಲುತ್ತದೆ. ಮೊದಲ ಕ್ರುಸೇಡರು ತಮ್ಮ ಕೆಲಸವನ್ನು ಕರೆದದ್ದು ‘ಯಾತ್ರೆ’ ಎಂದು. ಆ ಪದವೂ ಮುಗ್ಧವಲ್ಲ, ಆದರೆ ಅವರು ತಮ್ಮನ್ನು ಹೇಗೆ ನಂಬಿಸಿಕೊಂಡರೆಂದು ತಿಳಿಸುತ್ತದೆ.

ಕಾರಣಗಳ ಪಟ್ಟಿಯನ್ನು ಹರಿದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಕಾರಣದ ಪಕ್ಕದಲ್ಲಿ ಅದನ್ನು ಯಾರು, ಯಾವಾಗ, ಯಾರಿಗಾಗಿ ಬರೆದರೆಂದು ಗುರುತು ಹಾಕಿಕೊಂಡು ಓದಬೇಕು. ಹಾಗೆ ಓದಿದಾಗ ಕೆಲವು ಕಾರಣಗಳು ಕಾರಣಗಳಾಗಿಯೇ ಉಳಿಯುತ್ತವೆ; ಕೆಲವು ನೆಪಗಳೆಂದು ಗೊತ್ತಾಗುತ್ತದೆ.