ಅಂಗಳದ ಮೇಲಿನ ಆಕಾಶ

ಶಾಬಾನ್ ತಿಂಗಳ 29ರ ಸಂಜೆ. ರಮಝಾನಿನ ಚಂದ್ರನನ್ನು ನೋಡಲು ಮಗಳೊಂದಿಗೆ ತಾರಸಿ ಹತ್ತಿದೆ. ಪಡುವಣಕ್ಕೆ ಹತ್ತು ಅಂತಸ್ತಿನ ಕಟ್ಟಡ. ಎಳೆಚಂದ್ರ ಮೊದಲ ದಿನ ದಿಗಂತದ ಅಂಚಿನಲ್ಲಿ ಕೊಂಚ ಹೊತ್ತು ಮಾತ್ರ ಇರುತ್ತಾನೆ. ಆ ಅಂಚೇ ನಮಗಿಲ್ಲ. ಕೆಳಗಿಳಿಯುವಷ್ಟರಲ್ಲಿ ಫೋನಿಗೆ ಸುದ್ದಿ ಬಂತು. "ಚಂದ್ರದರ್ಶನ ಆಯಿತಂತೆ" ಎಂದೆ. "ಯಾರಿಗೆ ಅಬ್ಬಾ?" ಎಂದಳು ಮಗಳು.

ಈ ಪ್ರಶ್ನೆ ಖದೀಜಾ ಮಸ್ತೂರ್ ಅವರ ಉರ್ದು ಕಾದಂಬರಿ 'ಆಂಗನ್' (1962) ಅನ್ನು ಮತ್ತೆ ಓದಿಸಿತು. ಆಂಗನ್ ಎಂದರೆ ಅಂಗಳ. ದೇಶವಿಭಜನೆಯ ಕಾಲದ ರಾಜಕೀಯವನ್ನು ಅಲ್ಲಿನ ಹೆಣ್ಣುಮಕ್ಕಳು ಕಾಣುವುದು ಮನೆಯ ಅಂಗಳದಿಂದಲೇ. ಅದನ್ನು ಬಂಧನದ ಸಂಕೇತವೆಂದು ಓದುವುದು ರೂಢಿ. ಅದು ತಪ್ಪಲ್ಲ, ಆದರೆ ಅರ್ಧ ಸತ್ಯ. ಅಂಗಳಕ್ಕೆ ಗೋಡೆಗಳಿರುತ್ತವೆ, ಸೂರು ಇರುವುದಿಲ್ಲ. ಇಂದಿನ ನಗರದ ಎರಡು ಕೋಣೆಯ ಬಾಡಿಗೆಮನೆ ಗೋಡೆಗಳನ್ನು ಉಳಿಸಿಕೊಂಡು ಆಕಾಶವನ್ನು ಕಿತ್ತುಕೊಂಡಿದೆ. ಮನೆಯೊಳಗೇ ದಿನ ಕಳೆಯುವ ಹೆಣ್ಣಿಗೆ ಇದು ಇಮ್ಮಡಿ ನಷ್ಟ.

ನಮ್ಮ ಸಾಹಿತ್ಯ ಈ ನಷ್ಟವನ್ನು ಗಮನಿಸಿದೆಯೇ? ಕನ್ನಡದಲ್ಲಿ ನಿಸರ್ಗವೆಂದರೆ ಹೆಚ್ಚಾಗಿ ಮಲೆನಾಡು. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಮನೆಮನೆ ತಲುಪಿದಾಗ ಜೋಗ, ಸಹ್ಯಾದ್ರಿಗಳು ಎಲ್ಲರವೂ ಆದವು. ಅದು ಸಣ್ಣ ಕೊಡುಗೆಯಲ್ಲ. ಆದರೆ ಹಾಡು ಕೇಳುವವನ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದಿದ್ದರೆ? ನಿಸರ್ಗವು ರಜೆಯಲ್ಲಿ ಹೋಗಿ ನೋಡುವ ಊರಾದರೆ, ರಜೆಯೇ ಇಲ್ಲದವನ ಪಾಲೇನು?

ನಿಸಾರ್ ಅವರು ಭೂವಿಜ್ಞಾನ ಕಲಿಸಿದ ಮೇಷ್ಟ್ರು. ಅವರು ಬಾಳಿದ ಬೆಂಗಳೂರಿನಲ್ಲೇ ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗ್ ಬಂಡೆಯಿದೆ. ಅದರ ಮೇಲೆ ನಿಂತವನಿಗೆ ತಲೆಯ ಮೇಲೆ ಇಡೀ ಆಕಾಶ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟಕ್ಕೆ ಇಂದು ಮುಂಜಾನೆಯ ನಡಿಗೆಗೆ ಬರುವವರಿಗೆ ಪ್ರವೇಶ ಉಚಿತ. ಭಾನುವಾರ ಹನ್ನೊಂದು ಗಂಟೆಗೆ ಹೆಂಡತಿ ಮಕ್ಕಳೊಂದಿಗೆ ಬರುವ ಕೂಲಿಯವನು ಟಿಕೆಟ್ ಕೊಳ್ಳಬೇಕು. ಮೊತ್ತ ಚಿಕ್ಕದಿರಬಹುದು. ಆದರೆ ಯಾರ ಬಿಡುವಿನ ಹೊತ್ತನ್ನು ನಗರ ಗೌರವಿಸುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

ಈ ದೂರು ನನ್ನ ಮೇಲೂ ಇದೆ. ಓಣಿಗಳ ಬಗ್ಗೆ ಎಷ್ಟೋ ಕಥೆ ಬರೆದೆ. ಬಡತನ, ಜಗಳ, ಮದುವೆ, ತಲಾಕ್ ಎಲ್ಲವೂ ಅವುಗಳಲ್ಲಿವೆ. ಆ ಮನೆಗಳಿಂದ ಆಕಾಶ ಎಷ್ಟು ಕಾಣುತ್ತದೆ ಎಂದು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಮಗಳ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.